ನನ್ನ ಪಾಲಿಗೆ ಬಂದ ಪಿಕಪ್ಪು

ನಮ್ಮ ಮನೆಗೆ ಮೊದಲ ಸಲ ಬಂದವರು ಚಪ್ಪಲಿ ಬಿಡುವಾಗ ಬಾಗಿಲ ಸಂದಿ ನೋಡಿ ಒಂದು ಗಳಿಗೆ ನಿಂತುಬಿಡುತ್ತಾರೆ. ಅಲ್ಲಿ ಛತ್ರಿಯ ಪಕ್ಕದಲ್ಲಿ, ಎರಡು ಕಡೆ ಬಾಗಿದ ಉದ್ದನೆಯ ಕಬ್ಬಿಣದ ಸರಳೊಂದು ಗೋಡೆಗೆ ಒರಗಿ ನಿಂತಿದೆ. “ಕಳ್ಳರಿಗಾ ಟೀಚರ್?” ಎಂದು ಕೇಳುತ್ತಾರೆ. ಯಜಮಾನರಿಗಾ ಎಂದು ಕೇಳುವ ಧೈರ್ಯ ಇದುವರೆಗೆ ಒಬ್ಬರಿಗೇ ಬಂದಿದೆ. ಅದು ಗಾಡಿ ಸ್ಟಾರ್ಟ್ ಮಾಡುವ ಹ್ಯಾಂಡ್ಲು ಎಂದರೆ, ಈ ಕಾಲದಲ್ಲಿ ಯಾವ ಗಾಡಿಗೆ ಹ್ಯಾಂಡ್ಲು ಎನ್ನುತ್ತಾರೆ. ಅಷ್ಟು ಕೇಳಿದರೆ ಮುಗಿಯಿತು, ಅವರ ಟೀ ಆರಿಹೋಗುವ ತನಕ ನಾನು ಬಿಡುವುದಿಲ್ಲ. ನೀವೂ ಸಿಕ್ಕಿಬಿದ್ದಿದ್ದೀರಿ, ಕೂತುಕೊಳ್ಳಿ.

ನಮ್ಮ ಅಬ್ಬಾ ಹಾಸಿಗೆ ಮಾಡುವವರು. ತುಮಕೂರಿನ ಪೇಟೆಯಲ್ಲಿ ಅಂಗಡಿಯೊಂದು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಕೂತರೆ ಅವರಿಗೆ ಬೆನ್ನು ನೋವು ಬರುತ್ತಿತ್ತು. ಗಾಡಿಯಲ್ಲಿ ಕೂತರೆ ಮಾಯವಾಗುತ್ತಿತ್ತು. ಗಾಡಿ ಎಂದರೆ ಒಂದು ಹಳೆಯ ಪೆಟ್ರೋಲ್ ಪಿಕಪ್ಪು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ನಾನು ಹುಟ್ಟುವ ಮೊದಲೇ ಅಬ್ಬಾನ ಕೈಗೆ ಬಂದದ್ದು. ಮೂತಿ ಮುಂದಕ್ಕೆ ಚಾಚಿಕೊಂಡು, ಕಣ್ಣು ಎರಡು ಆಚೆಗೆ ಬಂದು, ಯಾವಾಗಲೂ ಯಾರ ಮೇಲೋ ಮುನಿಸಿಕೊಂಡ ಹಾಗೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಆ ಮುಖ ನನಗೆ ಬಂದಿದೆ ಎಂದು ಅಮ್ಮಿ ಹೇಳುತ್ತಾಳೆ.

ಆ ಗಾಡಿಯ ಹಿಂದೆ ಹತ್ತಿ ಮೂಟೆ, ಹಾಸಿಗೆ ಹೊಲಿಯುವ ಪಟ್ಟೆ ಪಟ್ಟೆಯ ಟಿಕಿನ್ ಬಟ್ಟೆ, ಹತ್ತಿ ಹಿಂಜುವ ದೊಡ್ಡ ಬಿಲ್ಲು, ದಾರದುಂಡೆ, ದಬ್ಬಳ. ರಜೆ ದಿನವಾದರೆ ಮೂಟೆಯ ಮೇಲೆ ನಾನು. ಗುಬ್ಬಿ ಸಂತೆಗೆ ಒಂದು ದಿನ, ಕುಣಿಗಲ್ ಕಡೆಯ ಹಳ್ಳಿಗಳಿಗೆ ಎರಡು ದಿನ, ಹಾಗಲವಾಡಿಗೆ ತಿಂಗಳಿಗೊಮ್ಮೆ. ಊರಿನ ಸ್ಕೂಲಿನ ಮುಂದೆ ಗಾಡಿ ನಿಲ್ಲಿಸಿ ಅಬ್ಬಾ ಬಿಲ್ಲಿನ ನರವನ್ನು ಒಮ್ಮೆ ಠಂಯ್ ಎನ್ನಿಸಿದರೆ ಸಾಕು, ಹೆಂಗಸರು ಗಂಟು ಗಂಟಾದ ಹಳೇ ಹಾಸಿಗೆಗಳನ್ನು ಹೊತ್ತು ತರುತ್ತಿದ್ದರು. ಅಬ್ಬಾ ಹೊಲಿಗೆ ಬಿಚ್ಚಿ, ಹತ್ತಿ ಹಿಂಜಿ, ಬಿಸಿಲಿಗೆ ಹಾಕಿ, ಸಂಜೆಯೊಳಗೆ ಹೊಸ ಹಾಸಿಗೆ ಮಾಡಿಕೊಡುತ್ತಿದ್ದರು. ಯಾವ ಮನೆಯ ಮಗು ಎಷ್ಟನೇ ಕ್ಲಾಸಿನವರೆಗೆ ಹಾಸಿಗೆ ಒದ್ದೆ ಮಾಡಿತು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ. ನನಗೂ ಒಂದಿಬ್ಬರದು ಗೊತ್ತಿದೆ. ಅವರಲ್ಲಿ ಒಬ್ಬ ಈಗ ದೊಡ್ಡ ಮನುಷ್ಯ. ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಬಂದು ಶಿಸ್ತಿನ ಬಗ್ಗೆ ಭಾಷಣ ಮಾಡಿದಾಗ ನಾನು ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ.

ಅಬ್ಬಾನ ಲೆಕ್ಕದಲ್ಲಿ ಲೋಕದ ಎಲ್ಲ ತೊಂದರೆಗೂ ಹತ್ತಿಯೇ ಮದ್ದು. ಗಾಡಿಯ ಬಾಗಿಲು ಗಡಗಡ ಅಂದರೆ ಸಂದಿಗೆ ಹತ್ತಿ. ಹಾರ್ನ್ ಜೋರಾಯಿತು ಅಂದರೆ ಹಾರ್ನ್‌ಗೆ ಹತ್ತಿ. ನಾವು ಕಿವಿ ನೋವು ಅಂದರೆ ಹತ್ತಿ, ಅಮ್ಮಿ ಬೈಯಲು ಶುರು ಮಾಡಿದರೆ ಅವರದೇ ಕಿವಿಗೆ ಹತ್ತಿ.

ನಾನು ಡ್ರೈವಿಂಗ್ ಕಲಿತದ್ದು ಹಾಗಲವಾಡಿಯ ಕೆರೆ ಬಯಲಿನಲ್ಲಿ. ಬೇಸಿಗೆ, ಕೆರೆಯಲ್ಲಿ ನೀರಿಲ್ಲ, ನನಗೆ ಹದಿನೈದು ವರ್ಷ. ಅಬ್ಬಾ ಪಕ್ಕದಲ್ಲಿ ಕೂತು ಬೀಡಿ ಹಚ್ಚಿ, “ಎದುರಿಗೆ ಏನೂ ಇಲ್ಲ, ಹೆದರಿಕೆ ಯಾಕೆ?” ಎಂದು ಸ್ಟೇರಿಂಗ್ ಬಿಟ್ಟುಕೊಟ್ಟರು. ಏನೂ ಇಲ್ಲದ ಆ ಬಯಲಿನಲ್ಲಿ ಇದ್ದ ಒಂದೇ ಒಂದು ಜಾಲಿ ಗಿಡಕ್ಕೆ ನಾನು ಹುಡುಕಿಕೊಂಡು ಹೋಗಿ ಗುದ್ದಿದೆ. ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಅಜ್ಜಿ ನಿಂತು ಕೂಗಿದಳು: “ಏನ್ ಸಾಬ್ರೇ, ಹೆಣ್ ಮಗೀನ್ ಕೈಗೆ ಗಾಡಿ ಕೊಟ್ಟಿದೀರಲ್ಲಾ?”

“ಗಾಡಿಗೇನವ್ವಾ ಗೊತ್ತಾಯ್ತದೆ, ಹೆಣ್ಣೋ ಗಂಡೋ? ಅದುಕ್ಕೆ ಪೆಟ್ರೋಲ್ ಹಾಕಿದ್ರೆ ಸಾಕು,” ಅಂದರು ಅಬ್ಬಾ.

ಈ ಮಾತು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆದ ಕೂಡಲೇ ಅವರೇ ಹೇಳಿ ಮುಗಿಸುತ್ತಾರೆ.

ತೊಂಬತ್ತರ ದಶಕದಲ್ಲಿ ಫೋಮಿನ ಹಾಸಿಗೆ, ನಾರಿನ ಹಾಸಿಗೆ ಹಳ್ಳಿಗೂ ಬಂದವು. ಹತ್ತಿ ಹಿಂಜಿಸುವವರು ಕಡಿಮೆಯಾದರು. ತೊಂಬತ್ತಮೂರರ ಮಳೆಗಾಲದಲ್ಲಿ ಅಬ್ಬಾ ಗಾಡಿಯನ್ನು ತುಮಕೂರಿನ ಮರಳೂರಿನಲ್ಲಿದ್ದ ನಮ್ಮ ಮನೆಯ ಮುಂದೆ, ಹೊಂಗೆ ಮರದ ಕೆಳಗೆ ನಿಲ್ಲಿಸಿ “ಮಳೆ ಮುಗೀಲಿ” ಅಂದರು. ಮಳೆ ಮುಗಿಯಿತು. ಮಂಡಿ ನೋವು ಅಂದರು. ಇನ್ನೊಂದು ಮಳೆಯೂ ಮುಗಿಯಿತು. ಮೂರನೇ ಮಳೆಗೆ ಅಬ್ಬಾ ಇರಲಿಲ್ಲ.

ಈಗ ನನ್ನ ಅಣ್ಣನ ವಿಷಯ. ಇಕ್ಬಾಲ್ ಭಾಯಿ ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕೊಡಿಸುತ್ತಾನೆ, ನನ್ನ ಮಕ್ಕಳಿಗೆ ಜ್ವರ ಬಂದರೆ ನಾನಿರುವ ಗುಬ್ಬಿಗೆ ಓಡಿ ಬರುತ್ತಾನೆ. ಆದರೆ ಅವನ ತಲೆಯಲ್ಲಿ ಒಂದು ವಿಷಯ ಹುಟ್ಟಿನಿಂದಲೇ ತೀರ್ಮಾನವಾಗಿದೆ: ಅಬ್ಬಾಂದು ಅಂದರೆ ಅವನದು. ಅಬ್ಬಾ ಹೋದ ಮೇಲೆ ಅಂಗಡಿ ಅವನು ನೋಡಿಕೊಂಡ, ಮನೆ ಅವನು ನೋಡಿಕೊಂಡ. ಒಂದು ದಿನ ನೆಂಟರೆಲ್ಲ ಕೂತು ಬಿರಿಯಾನಿ ತಿಂದು, ಎಲೆ ಅಡಿಕೆ ಹಾಕಿಕೊಳ್ಳುವಾಗ ಹಿರಿಯರೊಬ್ಬರು, “ತಂಗಿಗೇನು ಕೊಟ್ಟೆಯಪ್ಪಾ?” ಎಂದರು. ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳು ಅದನ್ನು ಕೇಳಬಾರದು ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತು. ಭಾಯಿ ಕಿಟಕಿಯ ಕಡೆ ಕೈ ತೋರಿಸಿ, “ಪಿಕಪ್ಪು ಅವಳಿಗೆ!” ಅಂದ. ಎಲ್ಲರೂ ನಕ್ಕರು. ಹೊಂಗೆ ಎಲೆ ಬಿದ್ದು ಮುಚ್ಚಿಹೋಗಿದ್ದ ಗಾಡಿಯೊಳಗೆ ಆಗ ಒಂದು ಬೆಕ್ಕು ಮರಿ ಹಾಕಿಕೊಂಡಿತ್ತು.

ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನನ್ನ ಮೇಲೆ ನನಗೇ ಕೋಪ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಭಾಯಿ ಗುಬ್ಬಿಗೆ ಫೋನ್ ಮಾಡಿದ. ಮನೆ ಮುಂದೆ ಎರಡು ಮಳಿಗೆ ಕಟ್ಟಿಸುತ್ತಾನಂತೆ, ಜಾಗ ಬೇಕಂತೆ, ಗುಜರಿಯವನಿಗೆ ಹೇಳಿದ್ದಾನಂತೆ. ಆಗ ನನಗೆ ಏನಾಯಿತೋ ಕಾಣೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಉಕ್ಕಲಿ ಅಂತ ಬಿಟ್ಟೆ. ನಮ್ಮ ಮನೆ ಮಾತು ಉರ್ದು. ಜಗಳ ಜೋರಾದರೆ ಮಾತ್ರ ನಾವಿಬ್ಬರೂ ಕನ್ನಡಕ್ಕೆ ಇಳಿಯುತ್ತೇವೆ.

“ನನ್ ಗಾಡಿ ಮಾರೋಕೆ ನೀನ್ಯಾರು ಭಾಯ್?” ಅಂದೆ.

“ನಿನ್ ಗಾಡಿನಾ?”

“ಎಲ್ರ ಮುಂದೆ ಕೊಟ್ಟಿದೀಯಾ. ಇಪ್ಪತ್ತು ಜನ ಸಾಕ್ಷಿ ಅವ್ರೆ. ಬಿರಿಯಾನಿ ತಿಂದಿರೋ ಸಾಕ್ಷಿ.”

“ಆಯ್ತಮ್ಮಾ. ನಿನ್ ಗಾಡಿ ಆದ್ರೆ ಓಡಿಸ್ಕೊಂಡ್ ಹೋಗು. ಎಳ್ಕೊಂಡ್ ಅಲ್ಲ, ಲಾರಿ ಮೇಲೆ ಹಾಕ್ಕೊಂಡ್ ಅಲ್ಲ. ಓಡಿಸ್ಕೊಂಡು. ಫೆಬ್ರವರಿ ಮುಗಿಯೋವರ್ಗೂ ಟೈಮ್. ಆಮೇಲೆ ಗುಜರಿ. ಮತ್ತೆ ನೀನು ಇದರ ಬಗ್ಗೆ ತುಟಿ ಪಿಟಕ್ ಅನ್ಬಾರ್ದು.”

“ಓಡಿಸ್ಕೊಂಡೇ ಹೋಗ್ತೀನಿ ನೋಡ್ತಿರು,” ಎಂದು ಫೋನ್ ಕುಕ್ಕಿದೆ. ಕುಕ್ಕಿದ ಮೇಲೆ ಲೆಕ್ಕ ಹಾಕಿದೆ. ಹನ್ನೊಂದು ವರ್ಷ ನಿಂತ ಗಾಡಿ. ನನಗೆ ಗೊತ್ತಿದ್ದ ಮೆಕ್ಯಾನಿಕ್ ಕೆಲಸ ಎಂದರೆ ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುವುದು.

ನಮ್ಮ ಯಜಮಾನರು ಒಂದೇ ಪ್ರಶ್ನೆ ಕೇಳಿದರು: “ಓಡಿದ್ರೆ, ಇಲ್ಲಿ ಎಲ್ಲಿ ನಿಲ್ಲಿಸ್ತೀಯ?” ಓಡದಿದ್ದರೆ ಎಂದು ಅವರು ಕೇಳಲಿಲ್ಲ. ಅದಕ್ಕೇ ಅವರ ಜೊತೆ ಇಷ್ಟು ವರ್ಷ ಬಾಳಿದ್ದೇನೆ.

ತುಮಕೂರಿನಲ್ಲಿ ಕೇಳಿದ ಗ್ಯಾರೇಜಿನವರೆಲ್ಲ ಗಾಡಿ ನೋಡಿ ನಕ್ಕು ಹೋದರು. ಕೊನೆಗೆ ಸಿಕ್ಕವರು ಕುಣಿಗಲ್ಲಿನ ಕೆಂಪಯ್ಯ. ಎಪ್ಪತ್ತರ ಹತ್ತಿರದ ವಯಸ್ಸು, ಒಂದು ಕಾಲದಲ್ಲಿ ಅಬ್ಬಾನ ಗಾಡಿಗೆ ಅವರೇ ಡಾಕ್ಟರು, ಈಗ ಮಗನ ಮನೆಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದು, ಬಾನೆಟ್ ಎತ್ತಿ, ಒಳಗೆ ಮೂಗು ಹಾಕಿ ಮೂಸಿ ನೋಡಿದರು.

“ಸತ್ತಿಲ್ಲ ಬುಡಿ ಟೀಚರಮ್ಮ. ಮುನಿಸ್ಕೊಂಡೈತೆ ಅಷ್ಟೇಯಾ.”

ಮೊದಲ ಭಾನುವಾರ ಪ್ಲಗ್ಗು ಬಿಚ್ಚಿ, ಸೀಮೆಎಣ್ಣೆಗೆ ಆಯಿಲ್ ಬೆರೆಸಿ ಸಿಲಿಂಡರುಗಳಿಗೆ ಹುಯ್ದು, ಒಂದು ವಾರ ನೆನೆಯಲು ಬಿಟ್ಟೆವು. ಉದ್ದಿನ ಬೇಳೆ ನೆನೆಸುವಷ್ಟು ನೆಮ್ಮದಿಯಿಂದ ಅವರು ಆ ಕೆಲಸ ಮಾಡಿದರು. ಎರಡನೇ ಭಾನುವಾರ ಟ್ಯಾಂಕು ಇಳಿಸಿ, ಒಳಗೆ ಜಲ್ಲಿಕಲ್ಲು ಹಾಕಿ, ನಾನೊಂದು ಕಡೆ ಅವರೊಂದು ಕಡೆ ಹಿಡಿದು ಜೋಲಿ ತೂಗಿದ ಹಾಗೆ ತೂಗಿದೆವು. ಹನ್ನೊಂದು ವರ್ಷದ ತುಕ್ಕು ಕೆಂಪು ಸಾರಿನಂತೆ ಹರಿದು ಬಂತು. ಬೀದಿಯವರು ಗೇಟಿಗೆ ಆತುಕೊಂಡು ನಿಂತರು. ಅಣ್ಣ ಜಗಲಿಯ ಮೇಲೆ ಪೇಪರು ಓದುತ್ತಾ, ನನಗೆ ಕೇಳುವಷ್ಟು ಜೋರಾಗಿ ಒಬ್ಬರಿಗೆ ಹೇಳಿದ: “ನಮ್ ತಂಗಿ ಟೀಚರ್ ಕೆಲಸ ಬಿಟ್ಟು ಗ್ಯಾರೇಜ್ ಇಡ್ತಾಳಂತೆ ಕಣಣ್ಣಾ.” ನಾನು ಟ್ಯಾಂಕನ್ನು ಇನ್ನಷ್ಟು ಜೋರಾಗಿ ಕುಲುಕಿದೆ. ಅಮ್ಮಿ ಅಡಿಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಯಾರ ಪರವೂ ಒಂದು ಮಾತು ಆಡಲಿಲ್ಲ. ಮಗನ ಮನೆಯಲ್ಲಿ ಇರುವವಳು, ಆಡುವುದಾದರೂ ಹೇಗೆ ಎಂದುಕೊಂಡೆ. ಸಂಕಟವಾಯಿತು.

ಮೂರನೇ ಭಾನುವಾರ ಹ್ಯಾಂಡ್ಲು ಹೊಡೆಯುವ ಪಾಠ. “ಹೆಬ್ಬೆಟ್ಟು ಸುತ್ಕೋಬೇಡಿ, ಐದೂ ಬೆಳ್ಳು ಒಂದೇ ಕಡೆ ಇರ್ಲಿ,” ಎಂದು ಕೆಂಪಯ್ಯ ಮೂರು ಸಲ ಹೇಳಿದರು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆಟ್ಟು ಮುರಿಯುತ್ತದಂತೆ. ಮಕ್ಕಳಿಗೆ ಒಂದೇ ಮಾತನ್ನು ಹತ್ತು ಸಲ ಹೇಳಿ ಬೇಸತ್ತವಳು ನಾನು; ಮೂರು ಸಲ ಕೇಳಿಯೂ ಮರೆತೆ. ಹೆಬ್ಬೆಟ್ಟು ಮುರಿಯಲಿಲ್ಲ, ಮಣಿಕಟ್ಟು ಊದಿತು. ಆ ವಾರವೆಲ್ಲ ಸ್ಕೂಲಿನಲ್ಲಿ ಎಡಗೈಯಲ್ಲಿ ಬೋರ್ಡ್ ಮೇಲೆ ಬರೆದೆ. ಒಂಬತ್ತನೇ ಕ್ಲಾಸಿನವರು, ಮಿಸ್ ಅಕ್ಷರ ಈಗ ಓದೋ ಹಾಗಿದೆ ಅಂದರು.

ಆದರೆ ಆ ಭಾನುವಾರವೇ ಅದು ಮೊದಲ ಸಲ ಮಾತಾಡಿತ್ತು. ಗುರ್ ಗುರ್ ಎಂದು, ಮೈ ಅಲುಗಾಡಿಸಿ, ಎಂಟು ಹತ್ತು ಸೆಕೆಂಡ್ ಓಡಿ, ಗಂಟಲು ಹಿಸುಕಿದಂತೆ ನಿಂತುಹೋಯಿತು. ನಾನು ಕುಣಿದೆ. ಕೆಂಪಯ್ಯ ಕುಣಿಯಲಿಲ್ಲ. ಮತ್ತೆ ಹೊಡೆದರು, ಮತ್ತೆ ಅಷ್ಟೇ ಓಡಿ ನಿಂತಿತು. ಸಂಜೆಯವರೆಗೂ ಅದೇ ಆಟ.

ನಾಲ್ಕನೆಯದೇ ಕೊನೆಯ ಭಾನುವಾರ. ಗುಜರಿಯವನು ಮಾರನೆಯ ದಿನ ಹತ್ತು ಗಂಟೆಗೆ ಬರುವುದಿತ್ತು. ಕೆಂಪಯ್ಯ ಕಾರ್ಬ್ಯುರೇಟರನ್ನು ಐದನೇ ಸಲ ಬಿಚ್ಚಿ ಹಾಕಿದರು. ಕಿಡಿ ಹುಟ್ಟಿಸುವ ಪಾಯಿಂಟನ್ನು ಬೆಂಕಿಪೊಟ್ಟಣದ ಮಗ್ಗುಲಿಗೆ ಉಜ್ಜಿ ಹೊಳೆಯಿಸಿದರು. ಗುರ್ ಗುರ್, ಹತ್ತು ಸೆಕೆಂಡು, ಮೌನ. ಮಧ್ಯಾಹ್ನ ಎರಡು ಗಂಟೆಗೆ ಅವರು ಸ್ಪ್ಯಾನರನ್ನು ನೆಲಕ್ಕಿಟ್ಟು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಪೆಟ್ರೋಲ್ ಬತ್ತೈತೆ. ಕಿಡಿ ಬತ್ತೈತೆ. ಇನ್ನೇನ್ ಬೇಕಂತೆ ಇದುಕ್ಕೆ? ನಂಗ್ ಗೊತ್ತಾಯ್ತಿಲ್ಲ ಟೀಚರಮ್ಮ. ವಯಸ್ಸಾಯ್ತು ನಂಗೆ.”

ಅವರ ಕಣ್ಣು ಒದ್ದೆಯಾಗಿತ್ತು. ನಾನು ಮಡ್‌ಗಾರ್ಡಿನ ಮೇಲೆ ಕೂತೆ. ಜಗಲಿಯ ಮೇಲೆ ಪೇಪರಿನ ಹಾಳೆ ತಿರುಗುವ ಸದ್ದು ಕೇಳಿಸಿತು. ಸೋತೆ ಅನ್ನಿಸಿತು, ಮತ್ತೆ ಎಲ್ಲರ ಜೊತೆ ನಗಬೇಕು ಅನ್ನಿಸಿತು. ಆ ಎರಡನೆಯದು ನೆನೆದೇ ಅಳು ಬಂತು.

“ಹತ್ತಿ ತೆಗೆದ್ರಾ?”

ಅಮ್ಮಿ. ಬೆಳ್ಳುಳ್ಳಿ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಿದ್ದಳು.

“ಯಾವ ಹತ್ತಿ?”

“ಹಿಂದಿನ ಪೈಪಿಂದು. ಕಣಜ ಗೂಡು ಕಟ್ಟಬಾರದು ಅಂತ ಮಳೆಗಾಲಕ್ಕೆ ತುಂಬೋರಲ್ಲ. ನಾನೇ ಕೊಟ್ಟಿದ್ದು, ಬುಟ್ಟಿಲಿ. ಕೋಲು ಹಾಕಿ ಬಡಿದು ಬಡಿದು ತುಂಬಿದರು.”

ಕೆಂಪಯ್ಯನವರು ಆ ವಯಸ್ಸಿನಲ್ಲಿ ಓಡಿದ ಓಟ ನೋಡಬೇಕಿತ್ತು ನೀವು. ಸೈಲೆನ್ಸರಿನ ಬಾಯಿಗೆ ಕಣ್ಣಿಟ್ಟು, ಬೆರಳು ಹಾಕಿ, “ಅಯ್ಯೋ ನಿನ್ನ!” ಅಂದರು. ಬೆರಳಿಗೆ ಸಿಗದಷ್ಟು ಒಳಗೆ ತುಂಬಿತ್ತು. ನೀರು ಕುಡಿದು, ಒಣಗಿ, ಮಣ್ಣು ಮೆತ್ತಿಕೊಂಡು, ಪೈಪಿನದೇ ಬಣ್ಣವಾಗಿತ್ತು. ಉಸಿರು ಬಿಡಲು ಜಾಗವಿಲ್ಲದ ಇಂಜಿನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೇಗೆ ಬದುಕೀತು? ಕಂಬಿಯನ್ನು ಕೊಕ್ಕೆ ಮಾಡಿ ಎಳೆದರು. ಒಂದು ಹಿಡಿ ಬಂತು, ಇನ್ನೊಂದು ಹಿಡಿ ಬಂತು, ಬರುತ್ತಲೇ ಇತ್ತು. ಒಳಗಿನದು ಇನ್ನೂ ಬೆಳ್ಳಗಿತ್ತು. ಒಂದು ತಲೆದಿಂಬಿಗೆ ಆಗುವಷ್ಟು ಹತ್ತಿ! ಬೇರೆ ಯಾವ ಗಾಡಿಯವನಾದರೂ ಒಂದು ಚಿಂದಿ ಸಿಕ್ಕಿಸಿ ಸುಮ್ಮನಾಗುತ್ತಿದ್ದ. ನಮ್ಮ ಅಬ್ಬಾ ಹಾಸಿಗೆಯವರು. ತುಂಬುವುದೆಂದರೆ ಮೂಲೆ ಮೂಲೆಗೂ ತುಂಬಬೇಕು, ಕೈ ಒತ್ತಿದರೆ ತಗ್ಗು ಬೀಳಬಾರದು.

“ಮೂಗಿಗೆ ಹತ್ತಿ ಇಟ್ಬುಟ್ಟವ್ರೆ ಸಾಬ್ರು,” ಎಂದು ಕೆಂಪಯ್ಯ ಬಾಯಿ ತಪ್ಪಿ ಅಂದರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಅಮ್ಮಿಯ ಮುಖ ಕೆಂಪಾಯಿತು. “ಹೋದೋರಿಗೆ ಇಡೋದು ಬೇರೆ ಕೆಂಪಯ್ಯ. ಇವರು ಇಟ್ಟಿದ್ದು ಮತ್ತೆ ಓಡಿಸಬೇಕು ಅಂತ. ಮತ್ತೆ ಓಡಿಸಬೇಕು ಅನ್ನೋ ಗಾಡಿಗೆ ಮಾತ್ರ ಹತ್ತಿ ಇಡೋರು.”

ನಾನು ಹ್ಯಾಂಡ್ಲು ತೆಗೆದುಕೊಂಡೆ. ಊದಿದ ಕೈ, ಆದರೂ ಯಾರಿಗೂ ಬಿಡಲಿಲ್ಲ. ಐದು ಬೆರಳೂ ಒಂದೇ ಕಡೆ. ಎರಡನೇ ಏಟಿಗೆ ಹಿಡಿಯಿತು. ಹತ್ತು ಸೆಕೆಂಡ್ ಓಡಿತು, ಇಪ್ಪತ್ತು, ಒಂದು ನಿಮಿಷ. ಹಿಂದಿನಿಂದ ನೀಲಿ ಹೊಗೆಯ ಜೊತೆ ಸುಟ್ಟ ಹತ್ತಿಯ ಚೂರುಗಳು ಹಾರಿ ಬೀದಿಯವರ ತಲೆಯ ಮೇಲೆ ಕೂತವು. ಯಾರೋ ಶಿಳ್ಳೆ ಹೊಡೆದರು. ನಾನು ಜೋರಾಗಿ ಅತ್ತೆ, ನಾಚಿಕೆ ಏನೂ ಪಡಲಿಲ್ಲ. ಕಾಗದಪತ್ರ, ಟ್ಯಾಕ್ಸು, ಇನ್ಶೂರೆನ್ಸುಗಳಿಗಾಗಿ ಆ ತಿಂಗಳು ನಾನು ಅಲೆದದ್ದು ಇನ್ನೊಂದು ರಾಮಾಯಣ. ಅದನ್ನು ಹೇಳಿದರೆ ನೀವು ನಿಜವಾಗಿಯೂ ಎದ್ದು ಹೋಗುತ್ತೀರಿ. ಎಲ್ಲಾ ಬ್ಯಾಗಿನಲ್ಲಿತ್ತು ಅಂದರೆ ಸಾಕು. ಸೀಟಿನ ಮೇಲೆ ಗೋಣಿ ಹಾಸಿ ಸ್ಟೇರಿಂಗ್ ಹಿಂದೆ ಕೂತೆ.

ಆಗ ಇಕ್ಬಾಲ್ ಭಾಯಿ ಜಗಲಿ ಇಳಿದು ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ. ಅವನ ಮುಖದಲ್ಲಿ ಸೋತ ಕಳೆ ಹುಡುಕಿದೆ, ಇರಲಿಲ್ಲ. ಬದಲಿಗೆ ಅಂಗಡಿಗೆ ಒಳ್ಳೆ ಗಿರಾಕಿ ಬಂದಾಗ ಬರುವ ಕಳೆ ಇತ್ತು.

“ಪರವಾಗಿಲ್ವೇ, ಗಟ್ಟಿಗಿತ್ತಿ ಕಣೇ ನೀನು,” ಅಂದ. “ಬೆಂಗಳೂರಲ್ಲಿ ಇಂಥಾ ಹಳೇ ಗಾಡಿ ಇಟ್ಕೊಳ್ಳೋ ಶೋಕಿಯೋರು ಅವ್ರೆ. ಓಡೋ ಗಾಡಿ ಅಂದ್ರೆ ಗುಜರಿ ರೇಟಲ್ಲ, ಒಳ್ಳೆ ರೇಟೇ ಬರ್ತದೆ. ನಾನ್ ಮಾತಾಡ್ತೀನಿ. ಎಷ್ಟಾದ್ರೂ ಅಬ್ಬಾಂದಲ್ವಾ? ಪಾಲು ಮಾಡ್ಕೊಳ್ಳೋಣ.”

ನಿಂತ ಗಾಡಿ ನನ್ನದು, ಓಡುವ ಗಾಡಿ ಅಬ್ಬಾಂದು! ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು. ಆಮೇಲೆ, ನೀವು ನಂಬುತ್ತೀರೋ ಇಲ್ಲವೋ, ಎದೆ ಹಗುರವಾಯಿತು. ಅಬ್ಬಾ ಹೋದಾಗಿನಿಂದ ಒಂಬತ್ತು ವರ್ಷ ನನ್ನ ಬಾಯಿಗೆ ಬಂದು ವಾಪಸ್ಸು ಹೋಗುತ್ತಿದ್ದ ಮಾತಿಗೆ ಅವನೇ ಬಾಗಿಲು ತೆರೆದು ಕೊಟ್ಟಿದ್ದ.

“ಆಗ್ಲಿ ಭಾಯ್, ಪಾಲು ಮಾಡೋಣ,” ಅಂದೆ. ಇಂಜಿನ್ ಸದ್ದಿಗೆ ಕೂಗಿಯೇ ಹೇಳಬೇಕಾಯಿತು, ಇಡೀ ಬೀದಿಗೆ ಕೇಳಿಸಿತು. “ಅಬ್ಬಾಂದು ಅಂದ್ಮೇಲೆ ಎಲ್ಲಾದ್ನೂ ಮಾಡೋಣ. ಅಂಗಡಿಯಿಂದ ಶುರು ಮಾಡು. ಆಮೇಲೆ ಮನೆ. ಗಾಡಿ ಕೊನೇಲಿ.”

ಕೆಂಪಯ್ಯನವರಿಗೆ ಇದ್ದಕ್ಕಿದ್ದಂತೆ ಟೈರಿನ ಗಾಳಿ ನೋಡಬೇಕೆನ್ನಿಸಿ ಬಗ್ಗಿ ಕೂತರು.

“ಅದ್ ಬೇರೆ, ಇದ್ ಬೇರೆ,” ಅಂದ ಭಾಯಿ.

“ಹೆಂಗ್ ಬೇರೆ, ಹೇಳು?”

ಅವನು ನನ್ನ ಕಡೆ ನೋಡಲಿಲ್ಲ. “ಅಮ್ಮೀ, ನೋಡು ಇವ್ಳು ಏನ್ ಮಾತಾಡ್ತಾವ್ಳೆ ಅಂತ.”

ಅಮ್ಮಿ ಒಳಗೆ ಹೋದಳು. ಎಂದಿನಂತೆ ತಪ್ಪಿಸಿಕೊಂಡಳು ಎಂದು ಅವನೂ ಅಂದುಕೊಂಡ, ನಾನೂ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬುರ್ಖಾ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಹಗ್ಗ ಕಟ್ಟಿದ್ದ ಆ ಕಡೆಯ ಬಾಗಿಲನ್ನು ತಾನೇ ಬಿಚ್ಚಿ, ಒಂದು ಕೈ ಮಂಡಿಯ ಮೇಲೆ ಒತ್ತಿಕೊಂಡು ಮೇಲೆ ಹತ್ತಿ, ನನ್ನ ಪಕ್ಕದಲ್ಲಿ ಕೂತು, ಬಾಗಿಲು ಎಳೆದುಕೊಂಡಳು.

“ಎಲ್ಲಿಗ್ ಅಮ್ಮೀ?”

“ಪಾಲು ಅಂದ್ಯಲ್ಲ ಮಗಾ. ನಂದೂ ಒಂದು ಪಾಲೈತೆ ಇದ್ರಲ್ಲಿ. ಅದ್ರ ಮೇಲೆ ಕೂತಿದೀನಿ. ಮಾರೋದಾದ್ರೆ ನನ್ನೂ ಸೇರಿಸ್ಕೊಂಡು ಮಾರು.” ಆಮೇಲೆ ನನ್ನ ಕಡೆ ತಿರುಗಿ, “ಏನ್ ನೋಡ್ತೀಯಾ, ನಡಿ,” ಅಂದಳು.

ನಾನು ಗೇರ್ ಹಾಕಿದೆ. ಗುಬ್ಬಿ ಮುಟ್ಟುವವರೆಗೂ ನಾನು ಇಂಜಿನ್ ನಿಲ್ಲಿಸಲಿಲ್ಲ, ಅಮ್ಮಿ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.